ಮಂಗನ ಕಾಯಿಲೆಯ ಹೊಸ ಲಸಿಕೆ: ಊರಿಗೆ ಬರುವ ಮೊದಲೇ ಲೆಕ್ಕ ಸಿದ್ಧವಿರಲಿ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ಮಹಾನಿರ್ದೇಶಕರು, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ನವದೆಹಲಿ

ವಿಷಯ: ಮಂಗನ ಕಾಯಿಲೆಯ ಲಸಿಕೆ ಹಾಗೂ ಔಷಧಗಳ ಪರಿಣಾಮವನ್ನು ಅಳೆಯುವ ವ್ಯವಸ್ಥೆಯನ್ನು ಲಸಿಕೆ ಹಂಚುವ ಮೊದಲೇ ಗೊತ್ತುಮಾಡುವ ಕುರಿತು

ಮಾನ್ಯರೇ,

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು ಬೆಳಕಿಗೆ ಬಂದ, ಉಣುಗು ಕಚ್ಚುವುದರಿಂದ ಹರಡುವ ಈ ಕಾಯಿಲೆ ಇಂದು ಚಾಮರಾಜನಗರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ಹಬ್ಬಿದೆ. ದಶಕಗಳ ಕಾಲ ಮಲೆನಾಡಿನವರಿಗೆ ಕೊಟ್ಟ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಈಗ ಪರಿಷತ್ತು ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಎರಡು ಡೋಸ್‌ಗಳ ಹೊಸ ನಿಷ್ಕ್ರಿಯ ಲಸಿಕೆಯನ್ನು ಸಿದ್ಧಪಡಿಸುತ್ತಿವೆ. ಅದು ಯಾವಾಗ ಬರುತ್ತದೆ ಎಂದು ಶಾಸಕರಿಂದ ಹಿಡಿದು ಆಶಾ ಕಾರ್ಯಕರ್ತೆಯರವರೆಗೆ ಎಲ್ಲರೂ ಕೇಳುತ್ತಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಬಂದ ಮೇಲೆ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ತಾವು ಹೇಗೆ ತಿಳಿಯುವಿರಿ? ಇದಕ್ಕೆ ಉತ್ತರ ಮೊದಲ ಡೋಸ್ ಹಳ್ಳಿಗೆ ಇಳಿಯುವ ಮುಂಚೆಯೇ ಕಾಗದದ ಮೇಲೆ ಇರಬೇಕು. ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಹಳೆಯ ಲಸಿಕೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಹಳೆಯ ಲಸಿಕೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಅದನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮಾಡಿದ್ದು. 1990ರ ದಶಕದ ಆರಂಭದಲ್ಲಿ ನಡೆದ ಕ್ಷೇತ್ರ ಪರೀಕ್ಷೆಯ ವರದಿಯ ಪ್ರಕಾರ ಒಂದು ಡೋಸ್‌ಗೆ ಶೇ 79.3, ಎರಡು ಡೋಸ್‌ಗೆ ಶೇ 93.5 ರಕ್ಷಣೆ ಇತ್ತು. ಮುಂದಿನ ಎರಡು ದಶಕ ಲಸಿಕಾ ಕಾರ್ಯಕ್ರಮ ನಿಂತದ್ದು ಈ ಎರಡು ಅಂಕಿಗಳ ಮೇಲೆ. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ತೆಗೆದು ನೋಡಿದ ಅಧ್ಯಯನದಲ್ಲಿ ಒಂದೇ ಡೋಸ್ ಪಡೆದವರಿಗೆ ರಕ್ಷಣೆಯೇ ಕಾಣಲಿಲ್ಲ. ಎರಡು ಡೋಸ್ ಪಡೆದವರಿಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9 ಎಂದು ಬಂತು. ಒಂದೇ ಹೆಸರಿನ ಲಸಿಕೆ, ಅದೇ ಜಿಲ್ಲೆಗಳು, ಅದೇ ಕಾಡು. ಒಂದು ಡೋಸ್‌ನ ರಕ್ಷಣೆ ಸುಮಾರು ಶೇ ಎಂಬತ್ತರಿಂದ ಸೊನ್ನೆಗೆ ಇಳಿದದ್ದು ಏಕೆ ಎಂಬುದಕ್ಕೆ ಈವರೆಗೆ ಯಾರೂ ಖಚಿತ ಉತ್ತರ ಕೊಟ್ಟಿಲ್ಲ. ಕೊಡಲು ಬೇಕಾದ ದಾಖಲೆಯೇ ಇಲ್ಲ.

ಕಾರಣಗಳು ಹಲವು ಇರಬಹುದು. ಲಸಿಕೆಯ ಬ್ಯಾಚ್‌ನಿಂದ ಬ್ಯಾಚ್‌ಗೆ ಸಾಮರ್ಥ್ಯ ಕುಸಿದಿರಬಹುದು. ಶೀತಲ ಸರಪಳಿ ಎಲ್ಲೋ ಕಡಿದಿರಬಹುದು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಬಾಟಲಿ ಕಾಡಿನ ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ತಮಗೆ ವಿವರಿಸಬೇಕಿಲ್ಲ. ಇವುಗಳಿಗಿಂತ ಕಣ್ಣಿಗೆ ಕಾಣದ ಕಾರಣವೊಂದಿದೆ: ಮೊದಲ ಪರೀಕ್ಷೆಯು ಲಸಿಕೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿತ್ತು. ಯಾರಿಗೆ ಲಸಿಕೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ತಾನಾಗಿ ಬಂದು ಲಸಿಕೆ ಹಾಕಿಸಿಕೊಳ್ಳುವವರು ಉಣುಗು ಹತ್ತದಂತೆ ಮೈಗೆ ತೈಲ ಹಚ್ಚಿಕೊಳ್ಳುವುದರಲ್ಲೂ, ಕಾಡಿನಿಂದ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡುವುದರಲ್ಲೂ ಮುಂದಿರುತ್ತಾರೆ. ಅವರಿಗೆ ಕಾಯಿಲೆ ಕಡಿಮೆ ಬಂದರೆ ಅದರಲ್ಲಿ ಲಸಿಕೆಯ ಪಾಲೆಷ್ಟು, ಸ್ನಾನದ ಪಾಲೆಷ್ಟು? ಇದರ ತಿರುವುಮುರುವೂ ಉಂಟು. ದಿನಾ ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರೇ ಹೆದರಿ ಲಸಿಕೆಗೆ ಮೊದಲು ಬಂದರೆ, ಉಣುಗು ಕಚ್ಚುವುದೂ ಅವರಿಗೇ ಹೆಚ್ಚು. ಆಗ ಒಳ್ಳೆಯ ಲಸಿಕೆಯೂ ಕೆಟ್ಟದಾಗಿ ಕಾಣುತ್ತದೆ. ಎರಡೂ ದಿಕ್ಕಿನ ಎಳೆತ ಒಟ್ಟಿಗೆ ಇರುವಾಗ ಬಂದ ಅಂಕಿ ಯಾವ ಕಡೆಗೆ ವಾಲಿದೆ ಎಂದು ಹೇಳಲು ಯಾವ ಪಂಡಿತರಿಗೂ ಸಾಧ್ಯವಿಲ್ಲ.

ಬೂಸ್ಟರ್‌ನ ಶೇ 82.9ನ್ನೂ ಹೀಗೇ ತೂಗಬೇಕು. ಮೊದಲ ವರ್ಷ ಕಾಯಿಲೆ ಬಂದವರು ಮರುವರ್ಷ ಬೂಸ್ಟರ್‌ಗೆ ಬರುವುದಿಲ್ಲ. ಬೂಸ್ಟರ್ ಪಡೆದವರ ಪಟ್ಟಿಯೆಂದರೆ ಅಲ್ಲಿಯವರೆಗೆ ಕಾಯಿಲೆಯಿಂದ ತಪ್ಪಿಸಿಕೊಂಡವರ ಪಟ್ಟಿಯೇ. ಲೆಕ್ಕದಲ್ಲಿ ಇದನ್ನು ಸರಿದೂಗಿಸದಿದ್ದರೆ ಬೂಸ್ಟರ್‌ಗೆ ಸಲ್ಲದ ಶ್ರೇಯ ಸಲ್ಲುತ್ತದೆ. ಇನ್ನು ಆ ಶೇ 62.4ರ ಸುತ್ತ ಅಧ್ಯಯನಕಾರರೇ ಪ್ರಾಮಾಣಿಕವಾಗಿ ಕೊಟ್ಟಿರುವ ಅಂಚುಗಳು ಶೇ 26.1 ಮತ್ತು ಶೇ 80.8. ಲಸಿಕೆ ಇಲ್ಲದಿದ್ದರೆ ಮಲಗಬೇಕಾಗಿದ್ದ 100 ಜನರಲ್ಲಿ ಲಸಿಕೆಯಿಂದ ಪಾರಾದವರು 26 ಇರಬಹುದು, 81 ಇರಬಹುದು. ಇಲಾಖೆಯ ಟಿಪ್ಪಣಿಗಳಲ್ಲಿ ನಡುವಿನ ಅಂಕಿ ಮಾತ್ರ ಉಳಿಯಿತು, ಅಂಚುಗಳು ಬಿಟ್ಟುಹೋದವು. ದಯವಿಟ್ಟು ಮುಂದೆ ಯಾವ ಅಂಕಿಯನ್ನೂ ಅದರ ಅಂಚುಗಳಿಲ್ಲದೆ ಸಚಿವರ ಮುಂದೆ ಇಡಬೇಡಿ.

ಇದರ ನಷ್ಟ ಹಾಳೆಯ ಮೇಲೆ ಆದದ್ದಲ್ಲ. ಹಳೆಯ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು ಬೇಕಿತ್ತು. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಹಾಗಾಗಿ ಎರಡೂ ಡೋಸ್ ನವೆಂಬರ್‌ನೊಳಗೆ ಮುಗಿಯಬೇಕಿತ್ತು. ಮಂಗ ಸತ್ತ ಮೇಲೆ, ಮೊದಲ ರೋಗಿ ಸಿಕ್ಕ ಮೇಲೆ, ಸುತ್ತ 5 ಕಿಲೋಮೀಟರ್ ಊರುಗಳಿಗೆ ಓಡಿಹೋಗಿ ಜನವರಿಯಲ್ಲಿ ಮೊದಲ ಡೋಸ್ ಹಾಕಿದರೆ ಆ ಹಂಗಾಮಿಗೆ ಅದು ಇದ್ದೂ ಇಲ್ಲದಂತೆ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಏರುತ್ತದೆ, ಎರಡನೇ ಡೋಸ್‌ಗೆ 30 ದಿನ ಕಾಯಬೇಕು. ಆದರೆ ಸೂಜಿ ಚುಚ್ಚಿಸಿಕೊಂಡವರು ‘ನಮಗಾಯಿತು’ ಎಂದು ತೈಲ ಬಿಟ್ಟು ಬರಿಗಾಲಲ್ಲಿ ಕಾಡಿಗೆ ಹೋದರು. ತೋಳು ನೋಯಿಸುವ ಆ ಲಸಿಕೆಗೆ ಎರಡನೇ ಸಲ ಬರಲೊಲ್ಲದವರೂ ಬಹಳ. ಒಂದು ಡೋಸ್‌ನ ಶೇ 79.3ನ್ನು ಯಾರೂ ಮರಳಿ ಪರೀಕ್ಷಿಸದೇ ಇದ್ದುದರಿಂದ ಈ ಹುಸಿ ಧೈರ್ಯ ವರ್ಷಗಟ್ಟಲೆ ಉಳಿಯಿತು.

ಹೊಸ ಲಸಿಕೆಯ ವಿಚಾರಕ್ಕೆ ಬರೋಣ. ಮೊದಲ ಹಂತದ ಮಾನವ ಪ್ರಯೋಗವೆಂದರೆ ಆರೋಗ್ಯವಂತ ಸ್ವಯಂಸೇವಕರ ಸಣ್ಣ ಗುಂಪು. ಅದು ಮುಗಿದ ಕೂಡಲೇ ‘ಲಸಿಕೆ ಸುರಕ್ಷಿತ’ ಎಂಬ ಹೇಳಿಕೆ ಹೊರಡುವುದು ರೂಢಿ. ಇಲ್ಲಿ ಒಂದು ಸರಳ ಲೆಕ್ಕ ನೆನಪಿರಲಿ. ಎಷ್ಟು ಜನರಲ್ಲಿ ತೊಂದರೆ ಒಂದೂ ಕಾಣಲಿಲ್ಲವೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. 30 ಜನರಲ್ಲಿ ಏನೂ ಆಗಲಿಲ್ಲವೆಂದರೆ ಗಂಭೀರ ತೊಂದರೆಯ ಪ್ರಮಾಣ ಇನ್ನೂ 10ರಲ್ಲಿ 1ರವರೆಗೂ ಇರಬಹುದು ಎಂದರ್ಥ. ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ ಎಂದು ಧೈರ್ಯವಾಗಿ ಹೇಳಲು 3,000 ಜನರಲ್ಲಿ ಒಂದೂ ಆಗಿರಬಾರದು. ಮೊದಲ ಹಂತ ಹೇಳುವುದು ಎರಡನೇ ಹಂತಕ್ಕೆ ಹೋಗಬಹುದೆಂದು ಮಾತ್ರ.

ಎರಡನೇ ಹಂತದಲ್ಲಿ ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುತ್ತಾರೆ. ಅದು ಬೇಕು, ಆದರೆ ಅಲ್ಲಿಗೆ ನಿಲ್ಲಬಾರದು. ಮಂಗನ ಕಾಯಿಲೆಯಲ್ಲಿ ಎಷ್ಟು ಪ್ರತಿಕಾಯ ಇದ್ದರೆ ಮನುಷ್ಯನಿಗೆ ರಕ್ಷಣೆ ಎಂಬ ಒಪ್ಪಿತ ಮಟ್ಟವಿಲ್ಲ. ಪ್ರಾಣಿಗಳಲ್ಲಿ ಕೆಲಸ ಮಾಡಿದ ಲಸಿಕೆ, ರಕ್ತದಲ್ಲಿ ಪ್ರತಿಕಾಯ ಮೂಡಿಸಿದ ಲಸಿಕೆ, ತೀರ್ಥಹಳ್ಳಿಯ ಅಡಿಕೆ ತೋಟದ ಕೂಲಿಯವರಿಗೆ ಜ್ವರ ಬರದಂತೆ ತಡೆಯುತ್ತದೆಯೇ ಎಂಬುದನ್ನು ತೀರ್ಥಹಳ್ಳಿಯಲ್ಲೇ ನೋಡಬೇಕು.

ನೋಡುವುದು ಸುಲಭವಲ್ಲ ಎಂಬುದು ನಮಗೂ ಗೊತ್ತು. ಬಾಧಿತ ಊರುಗಳಲ್ಲಿ ಒಂದು ಹಂಗಾಮಿಗೆ ಸಾವಿರಕ್ಕೆ 2 ಜನರಿಗೆ ಕಾಯಿಲೆ ಬರುತ್ತದೆ, ಲಸಿಕೆ ಶೇ 60ರಷ್ಟು ತಡೆಯುತ್ತದೆ ಎಂದು ಇಟ್ಟುಕೊಳ್ಳಿ. ಇದನ್ನು ಆಕಸ್ಮಿಕವಲ್ಲವೆಂದು ತೋರಿಸಲು ಒಂದೊಂದು ಗುಂಪಿಗೆ ಸುಮಾರು 15,000 ಜನ ಬೇಕು. ಆಗ ಲಸಿಕೆ ಇಲ್ಲದ ಗುಂಪಿನಲ್ಲಿ 30, ಇರುವ ಗುಂಪಿನಲ್ಲಿ 12 ರೋಗಿಗಳು ಕಾಣುತ್ತಾರೆ. ಕಾಯಿಲೆ ಸಾವಿರಕ್ಕೆ 1ಕ್ಕೆ ಇಳಿದರೆ ಗುಂಪಿಗೆ 30,000 ಜನ ಬೇಕಾಗುತ್ತದೆ. ಒಂದೇ ವರ್ಷದಲ್ಲಿ ಇಷ್ಟು ಮಾಡಲಾಗದಿದ್ದರೆ ಎರಡು ಮೂರು ಹಂಗಾಮು ಮುಂದುವರಿಸಲಿ. ಕಡಿಮೆ ಜನರನ್ನು ಸೇರಿಸಿ, ಆರು ರೋಗಿಗಳ ಮೇಲೆ ಶೇಕಡಾವಾರು ಲೆಕ್ಕ ಹಾಕಿ ಪತ್ರಿಕಾಗೋಷ್ಠಿ ಕರೆಯುವುದು ಬೇಡ.

ಪ್ರಯೋಗದ ವಿನ್ಯಾಸದಲ್ಲಿ ಒಂದು ಅಂಶವನ್ನು ಒತ್ತಿ ಹೇಳುತ್ತೇವೆ. 2015ರಲ್ಲಿ ಗಿನಿ ದೇಶದಲ್ಲಿ ಎಬೊಲಾ ಲಸಿಕೆಯನ್ನು ರೋಗಿಯ ಸುತ್ತಲಿನವರ ಬಳಗ ಬಳಗವಾಗಿ ಪರೀಕ್ಷಿಸಿದರು. ಕೆಲವು ಬಳಗಗಳಿಗೆ ಕೂಡಲೇ, ಕೆಲವಕ್ಕೆ 21 ದಿನ ತಡವಾಗಿ ಲಸಿಕೆ ಕೊಟ್ಟು ಹೋಲಿಸಿದರು. ಅದನ್ನು ಇಲ್ಲಿ ನಕಲು ಮಾಡುವ ಸಲಹೆ ಕೇಳಿಬರುತ್ತದೆ. ಎಬೊಲಾ ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗ, ಮಂಗನ ಕಾಯಿಲೆ ಹಾಗಲ್ಲ. ಇಲ್ಲಿ ರೋಗಿಯ ಸುತ್ತ ಸುತ್ತಿದರೆ ಕಾಯಿಲೆ ಸಿಗುವುದಿಲ್ಲ, ಸತ್ತ ಮಂಗನ ಸುತ್ತ ಸಿಗುತ್ತದೆ, ಅದೂ ತಡವಾಗಿ. ಊರಿಗೆ ಊರನ್ನೇ ‘ಲಸಿಕೆ ಊರು’, ‘ಕಾಯುವ ಊರು’ ಎಂದು ವಿಂಗಡಿಸುವುದೂ ಸರಿಹೋಗದು. ಈ ವರ್ಷ ಉರಿದ ಊರು ಮುಂದಿನ ವರ್ಷ ತಣ್ಣಗಿರುತ್ತದೆ, ಕಾಯಿಲೆ ಗುಡ್ಡದಾಚೆಯ ಊರಿಗೆ ಹಾರಿರುತ್ತದೆ. ಹಾಗಾದಾಗ ನಾವು ಅಳೆಯುವುದು ಮಂಗಗಳ ಓಡಾಟವನ್ನೇ ಹೊರತು ಲಸಿಕೆಯನ್ನಲ್ಲ. ಒಂದೇ ಊರಿನೊಳಗೆ, ವ್ಯಕ್ತಿಗೊಂದು ಚೀಟಿಯಂತೆ ಹಂಚುವುದು ಎಲ್ಲಕ್ಕಿಂತ ಸ್ವಚ್ಛ. ಅದೇ ಕಾಡು, ಅದೇ ಉಣುಗು, ಅದೇ ಆರೋಗ್ಯ ಕೇಂದ್ರ. ‘ಅಣ್ಣನಿಗೆ ಕೊಟ್ಟಿರಿ, ನನಗೇಕಿಲ್ಲ’ ಎಂಬ ಜಗಳ ಬರುವುದಾದರೆ ಮನೆಗೊಂದು ಚೀಟಿ ಮಾಡಿ, ಪ್ರಯೋಗಕ್ಕೆ ಸೇರಿಸುವವರ ಸಂಖ್ಯೆಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ.

ಲಸಿಕೆ ಸಿಗದ ಗುಂಪಿಗೆ ಬರೀ ನೀರು ಚುಚ್ಚುವುದು ಬೇಡ. ಮೊದಲ ಸಲ ಟೈಫಾಯ್ಡ್ ಲಸಿಕೆ, ಎರಡನೇ ಸಲ ಧನುರ್ವಾಯು ಲಸಿಕೆ ಕೊಡಬಹುದು. ಅವರಿಗೂ ಏನಾದರೂ ದಕ್ಕುತ್ತದೆ, ತೋಳೂ ನೋಯುತ್ತದೆ, ಯಾರಿಗೆ ಯಾವುದು ಎಂಬ ಗುಟ್ಟು ಉಳಿಯುತ್ತದೆ. ಗುಟ್ಟು ಉಳಿಯದಿದ್ದರೆ ಲಸಿಕೆ ಪಡೆದವರು ಕಾಡಿಗೆ ಹೆಚ್ಚು ಹೋಗುತ್ತಾರೆ, ಪಡೆಯದವರು ಸಣ್ಣ ಜ್ವರಕ್ಕೂ ರಕ್ತ ಕೊಡಲು ಬರುತ್ತಾರೆ, ಲೆಕ್ಕ ಅಲ್ಲಿಗೆ ಕೆಟ್ಟಿತು. ಪ್ರಯೋಗ ಮುಗಿದ ಕೂಡಲೇ ಆ ಗುಂಪಿಗೂ ಹೊಸ ಲಸಿಕೆ ಕೊಡುವ ಲಿಖಿತ ಭರವಸೆ ಇರಲಿ. ಚೀಟಿ ಎತ್ತುವುದು ಅನ್ಯಾಯವೆಂದು ಕೆಲವರು ಹೇಳಬಹುದು. ಹಳೆಯ ಲಸಿಕೆ ನಿಂತಿರುವ ಈಗ ಯಾರಿಂದಲೂ ಏನನ್ನೂ ಕಸಿದಂತಾಗುವುದಿಲ್ಲ. ಮೊದಲ ವರ್ಷ ಎಲ್ಲರಿಗೂ ಸಾಲುವಷ್ಟು ಲಸಿಕೆ ಬರುವುದೂ ಇಲ್ಲ. ಶಿಫಾರಸು ಇದ್ದವರಿಗೆ ಮೊದಲು ಸಿಗುವ ಬದಲು ಚೀಟಿಯಲ್ಲಿ ಬಂದವರಿಗೆ ಸಿಗುವುದೇ ನ್ಯಾಯ.

ಇನ್ನು ವಹಿಗಳ ಮಾತು. ಲಸಿಕೆಯ ನಿಜವಾದ ಪರೀಕ್ಷೆ ಸೋಲುವುದು ಪ್ರಯೋಗಾಲಯದಲ್ಲಲ್ಲ, ಆರೋಗ್ಯ ಉಪಕೇಂದ್ರದ ಮೇಜಿನ ಮೇಲೆ. ಲಸಿಕಾ ವಹಿಯಲ್ಲಿ ಹೆಂಗಸಿನ ಹೆಸರಿನ ಮುಂದೆ ಗಂಡನ ಹೆಸರು, ರಕ್ತದ ಮಾದರಿಯ ಫಾರಂನಲ್ಲಿ ತಂದೆಯ ಹೆಸರು. ವಹಿಯಲ್ಲಿ ವಯಸ್ಸು 40, ಫಾರಂನಲ್ಲಿ 45. ಡೋಸ್‌ನ ಕಾಲಂನಲ್ಲಿ ತಾರೀಕಿನ ಬದಲು ಒಂದು ಸರಿ ಗುರುತು. ಬಾಟಲಿಯ ಬ್ಯಾಚ್ ಸಂಖ್ಯೆಗೆ ಕಾಲಂ ಇಲ್ಲವೇ ಇಲ್ಲ. ಕೆಲಸಕ್ಕೆ ಬಂದ ಹೊರ ಜಿಲ್ಲೆಯ ಕೂಲಿಯವರ ಹೆಸರು ಎಲ್ಲೂ ಇಲ್ಲ. ಫಾರಂನಲ್ಲಿ ‘ಲಸಿಕೆ ಪಡೆದಿದ್ದಾರೆಯೇ: ಹೌದು, ಇಲ್ಲ’ ಎಂದಿದ್ದರೆ ಜ್ವರದಲ್ಲಿ ನರಳುವವರು ಯಾವುದೋ ಒಂದನ್ನು ಹೇಳುತ್ತಾರೆ. ಹೀಗೆ ಎರಡು ಕಾಗದಗಳು ಒಂದಕ್ಕೊಂದು ಹೊಂದದೆ ಹೋದ ಪ್ರತಿ ರೋಗಿಯೂ ಲೆಕ್ಕದಲ್ಲಿ ‘ಲಸಿಕೆ ಇಲ್ಲದವರು’ ಆಗಿಬಿಡುತ್ತಾರೆ, ಲಸಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಬೇಕಾದದ್ದು ದುಬಾರಿ ವ್ಯವಸ್ಥೆಯಲ್ಲ. ಪ್ರತಿಯೊಬ್ಬರಿಗೂ ಒಂದೇ ಗುರುತಿನ ಸಂಖ್ಯೆ, ಅದು ಲಸಿಕಾ ಕಾರ್ಡಿನಲ್ಲೂ ಪ್ರಯೋಗಾಲಯದ ಫಾರಂನಲ್ಲೂ ಇರಲಿ. ಡೋಸ್‌ನ ತಾರೀಕು, ಬ್ಯಾಚ್, ಆ ದಿನ ಫ್ರಿಜ್‌ನ ತಾಪಮಾನ, ಜ್ವರ ಶುರುವಾದ ದಿನ, ಮಾದರಿ ತೆಗೆದ ದಿನ ಬರೆದಿಡಲಿ. ಕೊನೆಯ ಎರಡು ಏಕೆಂದರೆ, ಮೊದಲ ವಾರದಲ್ಲಿ ತೆಗೆದ ರಕ್ತದಲ್ಲಿ ಆರ್‌ಟಿ-ಪಿಸಿಆರ್ ವೈರಸ್ಸನ್ನು ಹಿಡಿಯುತ್ತದೆ. ದಿನ ಕಳೆದಷ್ಟೂ ಅದು ಕೈಕೊಡುತ್ತದೆ, ರಕ್ತದಲ್ಲಿ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆಯನ್ನು ನೆಚ್ಚಬೇಕಾಗುತ್ತದೆ. ಲಸಿಕೆ ಪಡೆದ ಕೆಲವೇ ವಾರಗಳಲ್ಲಿ ಜ್ವರ ಬಂದರೆ ಆ ಪ್ರತಿಕಾಯ ಲಸಿಕೆಯದೋ ಕಾಯಿಲೆಯದೋ ಎಂಬ ಸಂಶಯ ಉಳಿಯುತ್ತದೆ. ಆದ್ದರಿಂದ ಜ್ವರ ಬಂದ 5 ದಿನದೊಳಗೆ ಮಾದರಿ ತೆಗೆಯುವುದನ್ನು ಕಡ್ಡಾಯ ಮಾಡಿ. ನೆಗೆಟಿವ್ ಬಂದವರ ಫಾರಂ ಎಸೆಯಬೇಡಿ. ಅದೇ ಕೇಂದ್ರಕ್ಕೆ ಅದೇ ರೀತಿಯ ಜ್ವರದಿಂದ ಬಂದು ನೆಗೆಟಿವ್ ಆದವರಲ್ಲಿ ಲಸಿಕೆ ಪಡೆದವರೆಷ್ಟು, ಪಾಸಿಟಿವ್ ಆದವರಲ್ಲಿ ಎಷ್ಟು ಎಂದು ಹೋಲಿಸಿದರೆ, ಪ್ರಯೋಗ ಮುಗಿದ ಮೇಲೂ ಪ್ರತಿ ವರ್ಷ ಕಡಿಮೆ ಖರ್ಚಿನಲ್ಲಿ ಲಸಿಕೆಯ ಪರಿಣಾಮ ತಿಳಿಯುತ್ತಿರುತ್ತದೆ.

ಚಿಕಿತ್ಸೆಯ ಬಗ್ಗೆಯೂ ಎರಡು ಮಾತು ಹೇಳದೆ ಇರಲಾಗದು. ಈ ಕಾಯಿಲೆಗೆ ವೈರಸ್ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ರೋಗಿಗಳಲ್ಲಿ ಶೇ 3ರಿಂದ 5 ಮಂದಿ ಸಾಯುತ್ತಾರೆ. ಅಂದರೆ ಏನೂ ವಿಶೇಷ ಮಾಡದೆ, ದ್ರವ ಕೊಟ್ಟು ಆರೈಕೆ ಮಾಡಿದರೂ ನೂರಕ್ಕೆ 95ರಿಂದ 97 ಜನ ಬದುಕುತ್ತಾರೆ. ‘100 ಜನರಿಗೆ ಈ ಮಾತ್ರೆ ಕೊಟ್ಟೆವು, 96 ಜನ ಗುಣವಾದರು’ ಎಂಬ ಹೇಳಿಕೆ ಆ ಮಾತ್ರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸ ಔಷಧವೊಂದು ಸಾವನ್ನು ಶೇ 4ರಿಂದ ಶೇ 2ಕ್ಕೆ ಇಳಿಸುತ್ತದೆಂದು ತೋರಿಸಲು ಗುಂಪಿಗೆ ಸುಮಾರು 1,140ರಂತೆ 2,300 ರೋಗಿಗಳು ಬೇಕು. ಒಂದು ಜಿಲ್ಲೆಗೆ ಒಂದು ಹಂಗಾಮಿನಲ್ಲಿ ಇದು ಅಸಾಧ್ಯ. ಕಾಯಿಲೆ ಹಬ್ಬಿರುವ ಐದೂ ರಾಜ್ಯಗಳು ಒಂದೇ ನಿಯಮಾವಳಿಯಡಿ ವರ್ಷಗಟ್ಟಲೆ ರೋಗಿಗಳನ್ನು ಸೇರಿಸಿದರೆ ಮಾತ್ರ ಸಾಧ್ಯ.

ಪರಿಷತ್ತಿಗೆ ಇದು ಬಾರದ ಕೆಲಸವಲ್ಲ. 2020ರಲ್ಲಿ 39 ಆಸ್ಪತ್ರೆಗಳ 464 ಕೋವಿಡ್ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಪ್ಲಾಸ್ಮಾ ಚಿಕಿತ್ಸೆ ಸಾವನ್ನು ತಗ್ಗಿಸುವುದಿಲ್ಲವೆಂದು ತೋರಿಸಿದ್ದು ತಮ್ಮ ಸಂಸ್ಥೆಯೇ. ಹೆಮ್ಮೆಪಡಬೇಕಾದ ಕೆಲಸ ಅದು. ನೋವಿನ ಸಂಗತಿಯೆಂದರೆ ಅದೇ ವರ್ಷ ಫಲಿತಾಂಶ ಬಂದಿದ್ದರೂ ಪ್ಲಾಸ್ಮಾ ರಾಷ್ಟ್ರೀಯ ಮಾರ್ಗಸೂಚಿಯಿಂದ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ದಾನಿಗಳಿಗಾಗಿ ಬೀದಿ ಬೀದಿ ಅಲೆದಿದ್ದವು.

ಮಿದುಳಿಗೆ ಬಾವು ಬಂದ ರೋಗಿಗಳಿಗೆ ಸ್ಟೀರಾಯ್ಡ್ ಕೊಡುವ ವಿಚಾರದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಶೇ 41.4ರಿಂದ 29.3ಕ್ಕೆ ಇಳಿಸಿತು. ಆಮ್ಲಜನಕವೇ ಬೇಕಿಲ್ಲದವರಲ್ಲಿ ಸಾವು ಶೇ 14.0 ಇದ್ದದ್ದು ಔಷಧ ಪಡೆದವರಲ್ಲಿ 17.8 ಆಯಿತು. ಒಂದೇ ಔಷಧ, ಒಂದೇ ರೋಗ, ಹಂತ ಬೇರೆಯಾದಾಗ ಫಲ ಬೇರೆ. ಇನ್ನೊಂದು ವೈರಸ್‌ನಲ್ಲಿ ಫಲಿಸಿತೆಂದು ಇಲ್ಲಿಗೆ ತರುವುದು ರೋಗಿಯ ಮೇಲೆ ಪಣ ಕಟ್ಟಿದಂತೆ.

ಪುರಾವೆಗೆ ಕಾಯದೆ ಇಂದೇ ನಿಲ್ಲಿಸಬೇಕಾದದ್ದೂ ಒಂದಿದೆ. ಮೈಕೈ ನೋವಿನ ಜ್ವರವೆಂದು ಬಂದವರಿಗೆ ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚುವ ಅಭ್ಯಾಸ ಹಳ್ಳಿಗಳಲ್ಲಿದೆ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ರಕ್ತಸ್ರಾವವಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೂರೂ ಅದನ್ನು ಹೆಚ್ಚಿಸಬಲ್ಲವು. ಡಿಸೆಂಬರ್‌ನಿಂದ ಮೇವರೆಗೆ ಬಾಧಿತ ತಾಲ್ಲೂಕುಗಳಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಎಂಬ ಸುತ್ತೋಲೆ ಖಾಸಗಿ ಕ್ಲಿನಿಕ್‌ಗಳಿಗೂ ಔಷಧ ಅಂಗಡಿಗಳಿಗೂ ಹೋಗಲಿ. ಇದೇ ಊರುಗಳಲ್ಲಿ ಸ್ಕ್ರಬ್ ಟೈಫಸ್, ಇಲಿಜ್ವರವೂ ಇರುವುದರಿಂದ ವೈದ್ಯರು ಅವುಗಳಿಗೆ ಕೊಡುವ ಡಾಕ್ಸಿಸೈಕ್ಲಿನ್ ಶುರು ಮಾಡುವುದು ಸರಿ. ಆದರೆ ಅದರಿಂದ ಮಂಗನ ಕಾಯಿಲೆ ವಾಸಿಯಾಯಿತೆಂದು ಕೇಸ್ ಶೀಟಿನಲ್ಲಿ ಬರೆಯುವುದು ಸರಿಯಲ್ಲ.

ಮೈಗೆ ಹಚ್ಚಿಕೊಳ್ಳಲು ಹಂಚುವ ಡೆಪಾ ತೈಲಕ್ಕೂ ಇದೇ ತಕ್ಕಡಿ. ಅದು ಉಣುಗನ್ನು ದೂರವಿಡುತ್ತದೆ ಎಂಬುದು ಒಂದು ಮಾತು, ಕಾಯಿಲೆಯನ್ನು ಕಡಿಮೆ ಮಾಡುತ್ತದೆ ಎಂಬುದು ಇನ್ನೊಂದು. ಬೆವರಿಗೆ ತೊಳೆದುಹೋಗುವ ತೈಲವನ್ನು ಜನ ದಿನಕ್ಕೆ ಎಷ್ಟು ಸಲ ಹಚ್ಚುತ್ತಾರೆ, ಬಾಟಲಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂಬುದನ್ನು ಲಸಿಕಾ ಪ್ರಯೋಗದ ಫಾರಂನಲ್ಲೇ ಕೇಳಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಈಗಂತೂ ತೈಲ ಹಂಚುವುದನ್ನು ನಿಲ್ಲಿಸಬೇಡಿ. ಲಸಿಕೆ ಇಲ್ಲದ ಈ ಅವಧಿಯಲ್ಲಿ ಜನರ ಕೈಯಲ್ಲಿರುವುದು ಅದೊಂದೇ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹೊಸ ಲಸಿಕೆಯ ಪರಿಣಾಮ ಪ್ರಯೋಗದ ನಿಯಮಾವಳಿಯನ್ನು, ಎಷ್ಟು ಜನ, ಯಾವುದನ್ನು ರೋಗವೆಂದು ಎಣಿಸುತ್ತೀರಿ, ಎಷ್ಟು ಶೇಕಡಾ ರಕ್ಷಣೆ ಬಂದರೆ ಒಪ್ಪುತ್ತೀರಿ, ಎಷ್ಟು ಬಂದರೆ ಕೈಬಿಡುತ್ತೀರಿ ಎಂಬುದರ ಸಮೇತ, ಮೊದಲ ವ್ಯಕ್ತಿಗೆ ಸೂಜಿ ಚುಚ್ಚುವ ಮೊದಲು ಭಾರತೀಯ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ಪ್ರಕಟಿಸಿ. ನೋಂದಣಿ 2009ರಿಂದಲೇ ಕಡ್ಡಾಯ. ನಾವು ಕೇಳುತ್ತಿರುವುದು ಅದರ ಕನ್ನಡ ಸಾರಾಂಶ ಪ್ರತಿ ಬಾಧಿತ ಗ್ರಾಮ ಪಂಚಾಯಿತಿಯ ಫಲಕದಲ್ಲೂ ಇರಬೇಕೆಂದು. ಲಸಿಕೆ ತಯಾರಿಸುವವರಿಗೂ ಹಂಚುವವರಿಗೂ ಸೇರದ ತಜ್ಞರ ಸಮಿತಿ ಅಂಕಿಅಂಶಗಳನ್ನು ನೋಡಲಿ. ಪ್ರತಿ ಬ್ಯಾಚ್‌ನ ಸಾಮರ್ಥ್ಯ ಪರೀಕ್ಷೆಯ ಫಲಿತಾಂಶ ಬಹಿರಂಗವಾಗಲಿ. ಫಲ ಒಳ್ಳೆಯದಿರಲಿ, ಕೆಟ್ಟದಿರಲಿ, ಹಂಗಾಮು ಮುಗಿದ ಆರು ತಿಂಗಳೊಳಗೆ ಪ್ರಯೋಗಕ್ಕೆ ಒಪ್ಪಿ ತೋಳು ಕೊಟ್ಟ ಊರಿನವರಿಗೆ ಮೊದಲು ತಿಳಿಸಿ.

ಲಸಿಕೆಗೆ ಇನ್ನೂ ಸಮಯ ಹಿಡಿಯಬಹುದು. ಗುರುತಿನ ಸಂಖ್ಯೆ, ಹೊಸ ಫಾರಂ, 5 ದಿನದೊಳಗಿನ ಮಾದರಿ, ಡೈಕ್ಲೋಫೆನಾಕ್ ಸುತ್ತೋಲೆ ಈ ನಾಲ್ಕಕ್ಕೆ ಲಸಿಕೆ ಕಾಯಬೇಕಿಲ್ಲ. ಬರುವ ಅಕ್ಟೋಬರ್‌ನೊಳಗೆ ಆದೇಶ ಹೊರಟರೆ ಈ ಹಂಗಾಮಿಗೇ ಜಾರಿಗೆ ಬರುತ್ತವೆ, ಲಸಿಕೆ ಬಂದಾಗ ಹೋಲಿಸಲು ಹಿಂದಿನ ವರ್ಷದ ಸ್ವಚ್ಛ ಲೆಕ್ಕವೂ ಕೈಯಲ್ಲಿರುತ್ತದೆ. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ, ಏಕೆ ಎಂಬುದನ್ನು ಇಲಾಖೆಯ ಜಾಲತಾಣದಲ್ಲಿ ಲಿಖಿತವಾಗಿ ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಲೆನಾಡಿನ ಜ್ವರ ಪ್ರಕರಣಗಳ ದಾಖಲೆ, ಚಿಕಿತ್ಸೆ ಮತ್ತು ಅಂಕಿಅಂಶಗಳ ಕೆಲಸದಲ್ಲಿರುವ ವೈದ್ಯರು, ಸಂಖ್ಯಾಶಾಸ್ತ್ರಜ್ಞರು